ಗಾಜಿನ ಕಟ್ಟಡಕ್ಕೆ ನೆರಳು ಹೊರಗಡೆ ಇರ್ಲಿ

ಸಂಪಾದಕರಿಗೆ ನಮಸ್ಕಾರ,

ಮೇಲಿಂದ ಕೆಳಗಿನ ತನಕ ಗಾಜು ಹೊದಿಸಿರೋ ಕಟ್ಟಡಗಳ ಫೋಟೋ ಪೇಪರಲ್ಲಿ ಬಂದಾಗೆಲ್ಲ ನೋಡೋಕೆ ಚೆನ್ನಾಗೇ ಇರುತ್ತೆ, ಆದ್ರೆ ಅದರೊಳಗೆ ಪಶ್ಚಿಮದ ಕಡೆ ಸೀಟ್ ಸಿಕ್ಕಿರೋರನ್ನ ಮಧ್ಯಾಹ್ನ ಮೂರು ಗಂಟೆಗೆ ಕೇಳಿ ನೋಡಿ. ನಾನು ಅಂಥ ಸೀಟಲ್ಲಿ ವರ್ಷಗಟ್ಟಲೆ ಕೂತಿದೀನಿ, ಬೆನ್ನಿಗೆ ಬಿಸಿಲು, ತಲೆ ಮೇಲೆ ಎಸಿ, ಕರ್ಟನ್ ಎಳೆದಿರೋದಕ್ಕೆ ಹಗಲಲ್ಲೇ ಲೈಟು ಬೇರೆ. ಕರ್ಟನ್ ಎಳೆದ್ರೂ ಸೆಕೆ ಹೋಗಲ್ಲ, ಯಾಕಂದ್ರೆ ಅಷ್ಟೊತ್ತಿಗೆ ಬಿಸಿಲು ಗಾಜು ದಾಟಿ ಒಳಗೆ ಬಂದಾಗಿರುತ್ತೆ, ಟೇಬಲ್ಲು ನೆಲ ಕರ್ಟನ್ ಎಲ್ಲ ಕಾಯುತ್ತೆ, ಅವು ಬಿಡೋ ಶಾಖ ಗಾಜು ದಾಟಿ ಹೊರಗೆ ಹೋಗಲ್ಲ. ತಡೆಯೋದಿದ್ರೆ ಗಾಜಿನ ಹೊರಗಡೆನೇ ತಡೀಬೇಕು, ಇಷ್ಟೇ ನಾನು ಹೇಳೋಕೆ ಹೊರಟಿರೋದು.

ಅಬುಧಾಬಿಲಿ ಅಲ್ ಬಹರ್ ಅಂತ ಜೋಡಿ ಟವರ್ ಇದೆ, 2012ರಲ್ಲಿ ಮುಗಿದಿದ್ದು. ಅದೂ ಗಾಜಿನದೇ, ಆದ್ರೆ ಗಾಜಿನಿಂದ ಸ್ವಲ್ಪ ಆಚೆಗೆ ಒಂದೊಂದು ಟವರಿಗೂ ಸಾವಿರಕ್ಕಿಂತ ಜಾಸ್ತಿ ಛತ್ರಿ ಥರದ ಪರದೆಗಳು, ಬಿಸಿಲು ಬೀಳೋ ಕಡೆಯವು ಬಿಚ್ಕೊಳ್ತವೆ, ಸೂರ್ಯ ದಾಟಿದ್ಮೇಲೆ ಹೂವಿನ ಥರ ಮಡಚ್ಕೊಳ್ತವೆ. ಒಳಗೆ ಬರೋ ಸೂರ್ಯನ ಶಾಖ ಸುಮಾರು ಅರ್ಧ ಕಮ್ಮಿ ಆಗುತ್ತೆ ಅಂತ ವಿನ್ಯಾಸ ಮಾಡಿದವರ ಲೆಕ್ಕ.

ಇಷ್ಟೊಂದು ಮೋಟಾರು ಕೀಲು ಎಲ್ಲ ಕೆಟ್ರೆ ರಿಪೇರಿ ಯಾರು ಮಾಡ್ತಾರೆ ಅಂತ ಕೇಳ್ತೀರ, ನ್ಯಾಯವಾದ ಪ್ರಶ್ನೆ. ಅದಕ್ಕೂ ಒಂದು ಹೂವೇ ದಾರಿ ತೋರ್ಸಿದೆ. ಬರ್ಡ್ ಆಫ್ ಪ್ಯಾರಡೈಸ್ ಹೂವಿನ ಮೇಲೆ ಹಕ್ಕಿ ಕೂತ್ರೆ ಅದರ ಭಾರಕ್ಕೆ ದಳ ಪಕ್ಕಕ್ಕೆ ಬಾಗಿ ತೆರ್ಕೊಳ್ಳುತ್ತೆ, ಹಕ್ಕಿ ಹಾರಿದ್ರೆ ಮುಚ್ಕೊಳ್ಳುತ್ತೆ, ಕೀಲೇ ಇಲ್ಲ. ಜರ್ಮನಿಯ ಸ್ಟುಟ್‌ಗಾರ್ಟ್, ಫ್ರೈಬುರ್ಗ್ ವಿಶ್ವವಿದ್ಯಾಲಯದವರು ಇದನ್ನ ನೋಡಿ ಕೀಲಿಲ್ಲದೆ ಬಾಗೋ ನೆರಳುಪಟ್ಟಿ ಮಾಡಿದ್ರು.

ನನಗೆ ಜಾಸ್ತಿ ಆಸೆ ಹುಟ್ಟಿಸಿರೋದು ಟೊರೊಂಟೊ ವಿಶ್ವವಿದ್ಯಾಲಯದವರು 2023ರಲ್ಲಿ ತೋರ್ಸಿದ ಕಿಟಕಿ. ಸ್ಕ್ವಿಡ್ ಅನ್ನೋ ಸಮುದ್ರಜೀವಿಯ ಚರ್ಮದಲ್ಲಿ ಒಂದರ ಮೇಲೊಂದು ಪದರ ಇದ್ದು ಅದು ಬಣ್ಣ ಬದಲಾಯಿಸುತ್ತಲ್ಲ, ಹಾಗೇ ತೆಳು ಪ್ಲಾಸ್ಟಿಕ್ ಪದರಗಳ ಸಣ್ಣ ಕಾಲುವೆಗಳಲ್ಲಿ ಬೇರೆ ಬೇರೆ ದ್ರವ ಹರಿಸ್ತಾರೆ, ಅಂದ್ರೆ ಬೆಳಕು ಒಳಗೆ ಬಿಟ್ಟು ಬಿಸಿಲಲ್ಲಿ ಕಣ್ಣಿಗೆ ಕಾಣದೆ ಇರೋ ಇನ್ಫ್ರಾರೆಡ್ ಶಾಖ ಮಾತ್ರ ತಡೀಬಹುದು, ಚಳಿ ಇದ್ರೆ ಅದನ್ನೂ ಒಳಗೆ ಬಿಟ್ಕೋಬಹುದು. ಇನ್ಫ್ರಾರೆಡ್ ಬೇಕಾದಾಗ ತಡೆದು ಬೇಕಾದಾಗ ಬಿಡೋ ಒಂದೇ ಪದರ ಇದ್ರೂ ಕಟ್ಟಡದ ಬಿಸಿ, ತಂಪು, ದೀಪದ ಖರ್ಚಲ್ಲಿ ವರ್ಷಕ್ಕೆ ಸುಮಾರು ಶೇ 25ರಷ್ಟು ಉಳಿಯುತ್ತೆ ಅಂತ ಅವರ ಕಂಪ್ಯೂಟರ್ ಲೆಕ್ಕ.

ಅದು ಬರೋ ತನಕ ಕಾಯ್ಬೇಕಾಗಿಲ್ಲ. ಎತ್ತರದ ಬಿಸಿಲಿಗೆ ಸಾದಾ ಸಜ್ಜಾ ಸಾಕು, ಪಶ್ಚಿಮಕ್ಕೆ ಮಾತ್ರ ಅದು ಸಾಕಾಗಲ್ಲ, ಸಂಜೆ ಬಿಸಿಲು ಓರೆಯಾಗಿ ಸಜ್ಜಾದ ಕೆಳಗಿಂದ್ಲೇ ನುಗ್ಗುತ್ತೆ, ಅಲ್ಲಿ ಗಾಜಿನ ಆಚೆ ನೆಟ್ಟಗೆ ನಿಂತ ಪಟ್ಟಿಗಳು ಬೇಕು, ತಿರುಗೋ ಥರ ಇದ್ರೆ ಇನ್ನೂ ಒಳ್ಳೇದು. ದಯವಿಟ್ಟು ನಿಮ್ಮ ವರದಿಗಾರರು ಮುಂದಿನ ಸಲ ಹೊಸ ಗಾಜಿನ ಕಟ್ಟಡದ ಬಗ್ಗೆ ಬರೆಯುವಾಗ ಎಷ್ಟು ಮಹಡಿ ಅನ್ನೋದರ ಜೊತೆಗೆ ಪಶ್ಚಿಮದ ಬಿಸಿಲನ್ನ ಎಲ್ಲಿ ತಡೀತೀರ ಅಂತ ಕಟ್ಟಿದವರನ್ನ ಕೇಳಿ, ಉತ್ತರಾನೂ ಪ್ರಿಂಟ್ ಮಾಡಿ.

ಇಂತಿ,
ನಿಮ್ಮ ದಿನನಿತ್ಯದ ಓದುಗ