ಎರಡು ಗಂಟೆಗೊಮ್ಮೆ

ಮಗಳೇ,

ಅಪಘಾತದಲ್ಲಿ ಪೆಟ್ಟಾದ ನಿಮ್ಮ ಗೆಳೆಯನಿಗೆ ದುಡ್ಡು ಕೂಡಿಸಲು ನಡೆಯುತ್ತೀರಿ ಅಂದಾಗ, ಮೊನ್ನೆ ಫೋನಿನಲ್ಲಿ ನಾನು ಆಡಿದ ಮಾತಿಗೆ ಮೊದಲು ಕ್ಷಮೆ ಕೇಳಿಬಿಡುತ್ತೇನೆ. "ನೀವು ನಾಲ್ಕು ಜನ 100 ಕಿಲೋಮೀಟರ್ ನಡೆದುಬಿಟ್ಟರೆ ಅವನ ಬೆನ್ನುಹುರಿ ಸರಿಹೋಗುತ್ತಾ?" ಅಂತ ಕೇಳಿದೆ. ಕೇಳಬಾರದಿತ್ತು. ನೀನು ಏನೂ ಹೇಳದೆ ಫೋನ್ ಇಟ್ಟೆ. ಕೂಗಾಡಿದ್ದರೆ ನನಗೆ ಇಷ್ಟು ಸಂಕಟ ಆಗುತ್ತಿರಲಿಲ್ಲ. ಮತ್ತೆ ಫೋನ್ ಮಾಡಿದರೆ ಮತ್ತೆ ಅದೇ ಆಗುತ್ತದೆ ಅಂತ ಬರೆಯುತ್ತಿದ್ದೇನೆ. ಶನಿವಾರ ಬೆಳಿಗ್ಗೆ ನೀವು ಹೊರಡುವ ಮೊದಲು ಇದನ್ನು ಓದು.

ಅಪಘಾತದ ದಿನದ ಬಗ್ಗೆ ಬರೆಯುವುದಿಲ್ಲ. ನಿನಗೂ ಗೊತ್ತು, ನನಗೂ ಗೊತ್ತು.

ನನ್ನ ಸಿಟ್ಟು ನಿನ್ನ ಮೇಲಿನದಲ್ಲ. ಅದು ಹಳೆಯದು. ನಿನ್ನ ಚಿಕ್ಕಪ್ಪ ನಿನಗೆ ಗೋಡೆಯ ಮೇಲಿನ ಒಂದು ಫೋಟೋ ಮಾತ್ರ. ಮರದಿಂದ ಬಿದ್ದ, ಎರಡು ವರ್ಷ ಹಾಸಿಗೆ ಹಿಡಿದ, ಹೋದ. ಇಷ್ಟೇ ಹೇಳಿದ್ದೇನೆ. ಒಂದು ರಾತ್ರಿಯನ್ನು ಮಾತ್ರ ಯಾರಿಗೂ ಹೇಳಿಲ್ಲ. ನಿನ್ನ ಅಮ್ಮನಿಗೂ ಹೇಳಿಲ್ಲ.

ಆಗ ನನಗೆ ಹತ್ತೊಂಬತ್ತು, ಅವನಿಗೆ ಹದಿನಾರು. ಸೊಂಟದಿಂದ ಕೆಳಗೆ ಮುಟ್ಟಿದರೂ ತಿಳಿಯುತ್ತಿರಲಿಲ್ಲ. ಮನೆಗೆ ಕಳಿಸುವಾಗ ನರ್ಸ್ ಒಬ್ಬರು ನಿನ್ನ ಅಜ್ಜಿಯ ಕೈ ಹಿಡಿದು ಹೇಳಿದ್ದರು: ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಹಗಲಾಗಲಿ ರಾತ್ರಿಯಾಗಲಿ. ನಾವು ನಿದ್ದೆಯಲ್ಲೂ ಹೊರಳುತ್ತೇವೆ, ಒತ್ತಿದ ಜಾಗ ನೋಯುತ್ತದೆ, ಮೈ ತಾನಾಗಿ ತಿರುಗುತ್ತದೆ. ಅವನಿಗೆ ಆ ನೋವೇ ಇರಲಿಲ್ಲ. ಮೂಳೆಗೂ ಹಾಸಿಗೆಗೂ ನಡುವೆ ಸಿಕ್ಕ ಚರ್ಮಕ್ಕೆ ರಕ್ತ ಹೋಗುವುದಿಲ್ಲ. ಕೆಲವೇ ಗಂಟೆಗಳಲ್ಲಿ ಅಲ್ಲಿ ಹುಣ್ಣು ಶುರುವಾಗಬಹುದು.

ರಾತ್ರಿ ಹನ್ನೆರಡರವರೆಗೆ ಅಜ್ಜಿ, ಆಮೇಲೆ ನಾನು. ಹನ್ನೆರಡು, ಎರಡು, ನಾಲ್ಕು. ತಲೆಯ ಹತ್ತಿರ ಕೀಲಿ ಕೊಡುವ ಗಡಿಯಾರ. ಆ ರಾತ್ರಿ ಎರಡು ಗಂಟೆಗೆ ಅದು ಹೊಡೆದುಕೊಂಡಿತು. ಕೈ ಚಾಚಿ ನಿಲ್ಲಿಸಿದ್ದು ನೆನಪಿದೆ. ಐದು ನಿಮಿಷ ಅಂದುಕೊಂಡೆ. ಕಣ್ಣು ಬಿಟ್ಟಾಗ ಬೆಳಕು ಹರಿದಿತ್ತು.

ಅವನು ಎಚ್ಚರವಾಗಿದ್ದ. "ಯಾಕೋ ಕೂಗಲಿಲ್ಲ?" ಅಂದೆ. "ನಿನಗೆ ತುಂಬ ನಿದ್ದೆ ಬಂದಿತ್ತು" ಅಂದ. ಅಷ್ಟೇ ಅಂದದ್ದು. ಮಗ್ಗುಲು ತಿರುಗಿಸಿದೆ. ಬೆನ್ನಿನ ತುದಿಯಲ್ಲಿ ಅಂಗೈಯಷ್ಟು ಜಾಗ ಕೆಂಪಾಗಿತ್ತು. ಬೆರಳಿಟ್ಟು ಒತ್ತಿದೆ. ಕೆಂಪು ಹಾಗೇ ಇತ್ತು, ಬೆಳ್ಳಗಾಗಲಿಲ್ಲ. ಅದು ಕೆಟ್ಟ ಗುರುತು ಅಂತ ಆಮೇಲೆ ತಿಳಿಯಿತು. ಅವತ್ತು ಮಾತ್ರ ಹೊದಿಕೆ ಎಳೆದು ಮುಚ್ಚಿದೆ. ಯಾರಿಗೂ ಹೇಳಲಿಲ್ಲ. ಮೂರನೇ ದಿನ ಚರ್ಮ ಒಡೆಯಿತು.

ಒಂದು ರಾತ್ರಿಯಿಂದ ಅಷ್ಟೆಲ್ಲ ಆಗಿರಲಿಕ್ಕಿಲ್ಲ ಅಂತ ಡಾಕ್ಟರು ಹೇಳಿದರು. ಹಾಸಿಗೆ ಗಟ್ಟಿ ಇತ್ತು, ಅವನು ಸೊರಗಿದ್ದ, ಬೇರೆ ಸೋಂಕೂ ಇತ್ತು. ಇರಬಹುದು. ಆದರೆ ನಾನು ಮುಚ್ಚಿಟ್ಟ ಆ ಮೂರು ದಿನಕ್ಕೆ ಯಾವ ಡಾಕ್ಟರೂ ಲೆಕ್ಕ ಹೇಳಲಿಲ್ಲ. ಈಗಲೂ ಎರಡು ಗಂಟೆಗೆ ಎಚ್ಚರ ಆಗುತ್ತದೆ. ನೀನು ಚಿಕ್ಕವಳಿದ್ದಾಗ, "ಅಪ್ಪ ಯಾಕೆ ರಾತ್ರಿ ಬಂದು ನನ್ನನ್ನು ತಿರುಗಿಸಿ ಮಲಗಿಸುತ್ತಾರೆ?" ಅಂತ ಅಮ್ಮನನ್ನು ಕೇಳಿದ್ದೆ. ಕಾರಣ ಇದೇ ಮಗಳೇ.

ಎಷ್ಟೋ ವರ್ಷ ಆದಮೇಲೆ ಲುಡ್ವಿಗ್ ಗಟ್‌ಮನ್ ಅನ್ನುವ ಡಾಕ್ಟರ ಬಗ್ಗೆ ಓದಿದೆ. 1944ರಲ್ಲಿ ಅವರು ಇಂಗ್ಲೆಂಡಿನ ಸ್ಟೋಕ್ ಮ್ಯಾಂಡವಿಲ್ ಆಸ್ಪತ್ರೆಯಲ್ಲಿ ಬೆನ್ನುಹುರಿಗೆ ಪೆಟ್ಟು ಬಿದ್ದ ಸೈನಿಕರಿಗೆ ಒಂದು ವಿಭಾಗ ಶುರು ಮಾಡಿದರು. ಅದಕ್ಕೆ ಮುಂಚೆ ಇಂಥವರು ಬದುಕುವುದಿಲ್ಲ ಅಂತಲೇ ಜನ ಕೈಬಿಡುತ್ತಿದ್ದರು. ಹಾಸಿಗೆ ಹುಣ್ಣು, ಮೂತ್ರದ ಸೋಂಕು, ಇವೆರಡೇ ಬಹಳ ಜನರನ್ನು ಕೊಲ್ಲುತ್ತಿದ್ದವು. ಗಟ್‌ಮನ್ ಹಟ ಹಿಡಿದು ಮಾಡಿಸಿದ ಕೆಲಸಗಳಲ್ಲಿ ಒಂದು, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು. ಅದೇ ಜಾಗದಲ್ಲಿ 1948ರ ಜುಲೈ 29ರಂದು, ಲಂಡನ್ ಒಲಿಂಪಿಕ್ಸ್ ಶುರುವಾದ ದಿನವೇ, 16 ಜನ ವೀಲ್‌ಚೇರಿನಲ್ಲಿ ಕೂತು ಬಿಲ್ಲುವಿದ್ಯೆಯ ಸ್ಪರ್ಧೆ ಮಾಡಿದರು. ಇವತ್ತಿನ ಪ್ಯಾರಾಲಿಂಪಿಕ್ಸ್ ಬೆಳೆದದ್ದು ಅಲ್ಲಿಂದ. ಓದಿ ಮುಗಿಸಿ ತುಂಬ ಹೊತ್ತು ಸುಮ್ನೆ ಕೂತಿದ್ದೆ. ನಿನ್ನ ಚಿಕ್ಕಪ್ಪನ ಕಾಲಕ್ಕೆ ಇದೆಲ್ಲ ಗೊತ್ತಿದ್ದ ವಿಷಯ ಅಲ್ವಾ ಅನ್ನಿಸಿತು. ಆ ನರ್ಸ್ ಹೇಳಿಯೂ ಇದ್ದರು. ನಾನು ಮಲಗಿಬಿಟ್ಟೆ.

ಇನ್ನೊಂದು ಮಾತು. ಮೊದಲ ತಿಂಗಳು ನಮ್ಮ ಮನೆ ತುಂಬ ಅವನ ಗೆಳೆಯರು. ನಾಲ್ಕನೇ ತಿಂಗಳಿಗೆ ಒಬ್ಬರೂ ಇಲ್ಲ. ಅವರು ಕೆಟ್ಟ ಹುಡುಗರಲ್ಲ. ಬಂದು ಏನು ಮಾತಾಡಬೇಕು ಅಂತ ತಿಳಿಯದೆ ಹೋದರು. ನಿಮ್ಮ ನಡಿಗೆಯ ಸುದ್ದಿ ಕೇಳಿದಾಗ ನನ್ನ ಕಣ್ಣಿಗೆ ಕಂಡದ್ದು ಆ ಮೊದಲ ತಿಂಗಳ ಗಲಾಟೆ. ನಾನು ತಪ್ಪು ತಿಳಿದಿದ್ದೆ. ಅಪಘಾತ ಆಗಿ ಈಗ ಏಳು ತಿಂಗಳು. ನೀವು ನಾಲ್ಕು ಜನ ಪಾಳಿ ಹಾಕಿಕೊಂಡು ರಾತ್ರಿ ನಿಮ್ಮ ಗೆಳೆಯನ ಮನೆಗೆ ಹೋಗುತ್ತಿದ್ದೀರಿ ಅಂತ ಅಮ್ಮ ನಿನ್ನೆ ಹೇಳಿದಳು. ಒಂದು ಮಾತೂ ನನಗೆ ಹೇಳಿರಲಿಲ್ಲ ನೀನು. ನನ್ನ ಕೈಲಿ ಆಗದ್ದನ್ನು ನನ್ನ ಮಗಳು ಮಾಡುತ್ತಿದ್ದಾಳೆ.

ಈಗ ನಡಿಗೆಗೆ ಬರುತ್ತೇನೆ. ಉಪದೇಶ ಮಾಡಬಾರದು ಅಂದುಕೊಂಡೇ ಬರೆಯಲು ಕೂತಿದ್ದೆ. ಆಗುತ್ತಿಲ್ಲ. ಮ್ಯಾರಥಾನ್ ಅಂದರೆ 42.195 ಕಿಲೋಮೀಟರ್. ನೀವು ಹೊರಟಿರುವುದು ಅದರ ಎರಡರಷ್ಟಕ್ಕಿಂತ ಜಾಸ್ತಿ, ಒಂದೇ ಹಗಲು ರಾತ್ರಿಯಲ್ಲಿ. ಹೊಸ ಶೂ ಹಾಕಬೇಡ. ಪಾದದಲ್ಲಿ ಎಲ್ಲಾದರೂ ಬಿಸಿ ಬಿಸಿ ಅನ್ನಿಸಿದ ಕೂಡಲೇ ನಿಂತು ಟೇಪ್ ಹಚ್ಚು, ಗುಳ್ಳೆ ಎದ್ದಮೇಲೆ ಅಲ್ಲ. ಒದ್ದೆ ಸಾಕ್ಸ್ ಬದಲಿಸು. ನೀರು ಕುಡಿ, ಆದರೆ ಹೆದರಿ ಹೆದರಿ ಬಾಟಲಿಗಟ್ಟಲೆ ಕುಡಿಯಬೇಡ. ನೀರು ಅತಿಯಾದರೆ ರಕ್ತದಲ್ಲಿ ಉಪ್ಪಿನಂಶ ಇಳಿದು ಜೀವಕ್ಕೇ ಕುತ್ತು ಬರುತ್ತದೆ. ನೋವಿನ ಮಾತ್ರೆ ನುಂಗಿ ನಡೆಯಬೇಡ, ಅಷ್ಟು ದಣಿದ ಮೈಯಲ್ಲಿ ಕೆಲವು ಮಾತ್ರೆಗಳು ಕಿಡ್ನಿಗೆ ಪೆಟ್ಟು ಕೊಡುತ್ತವೆ. ಮೂತ್ರ ಕಪ್ಪು ಕಾಫಿ ಬಣ್ಣಕ್ಕೆ ತಿರುಗಿದರೆ ಅಲ್ಲೇ ನಿಲ್ಲಿಸಿ ಡಾಕ್ಟರ ಹತ್ತಿರ ಹೋಗು. 70ನೇ ಕಿಲೋಮೀಟರಿಗೆ ನಿಲ್ಲಿಸಿದರೆ 70 ನಡೆದ ಹಾಗೆ. ದುಡ್ಡು ಕೊಡುತ್ತೇನೆ ಅಂದವರು ಕೊಟ್ಟೇ ಕೊಡುತ್ತಾರೆ. ನೋವಾದರೆ ನೋವು ಅಂತ ಹೇಳು. ನೀನು ಹೇಳುವವಳಲ್ಲ. ಅದೇ ನನ್ನ ಭಯ. "ನಿನಗೆ ತುಂಬ ನಿದ್ದೆ ಬಂದಿತ್ತು" ಅನ್ನುವ ಜಾತಿ ನೀನು.

ಪೋಸ್ಟರಿಗೆ ಅವನ ಆಸ್ಪತ್ರೆಯ ಫೋಟೋ ಹಾಕಿದ್ದೀರಿ. ಅವನನ್ನು ಕೇಳಿ ಹಾಕಿದ್ರಾ? ಮೂಗಿನಲ್ಲಿ ನಳಿಗೆ ಇರುವ ಮುಖವನ್ನು ಊರೆಲ್ಲ ನೋಡುವುದು ಅವನಿಗೆ ಇಷ್ಟ ಇದೆಯೋ ಇಲ್ಲವೋ. ಕೇಳಿಲ್ಲ ಅಂದರೆ ಇವತ್ತೇ ಕೇಳು.

ಕೊನೆಯ ಒಂದು ಕಿಲೋಮೀಟರ್ ಅವನೂ ವೀಲ್‌ಚೇರಿನಲ್ಲಿ ಬರುತ್ತಾನೆ ಅಂದಾಗ ಬೇಡವೇ ಬೇಡ ಅಂದೆ. ಅದನ್ನೂ ಹಿಂದಕ್ಕೆ ತಗೊಳ್ತೇನೆ. ಕೆನಡಾದ ರಿಕ್ ಹ್ಯಾನ್ಸನ್‌ಗೆ 15ನೇ ವಯಸ್ಸಿನಲ್ಲಿ ಬೆನ್ನುಹುರಿಗೆ ಪೆಟ್ಟಾಯಿತು. 1985ರಿಂದ 1987ರವರೆಗೆ ಅವರು ವೀಲ್‌ಚೇರ್ ತಳ್ಳಿಕೊಂಡೇ 34 ದೇಶ ಸುತ್ತಿದರು, 40,000 ಕಿಲೋಮೀಟರಿಗಿಂತ ಜಾಸ್ತಿ. ಒಂದು ಕಿಲೋಮೀಟರ್ ಬೇಡ ಅನ್ನಲು ನಾನು ಯಾರು? ಕೂರುವ ದಿಂಬು ಸರಿಯಾಗಿರಲಿ. ಅರ್ಧ ಗಂಟೆಯೊಳಗೆ ಒಮ್ಮೆಯಾದರೂ ಕೈಯೂರಿ ಮೈ ಎತ್ತಲಿ, ಇಲ್ಲವೇ ಮುಂದಕ್ಕೆ ಬಾಗಲಿ.

ಅಮ್ಮ ನಿಮ್ಮ ಪಾಳಿಯ ಚೀಟಿ ತೋರಿಸಿದಳು. ಶನಿವಾರ ರಾತ್ರಿಯ ಎದುರು ಯಾರ ಹೆಸರೂ ಇಲ್ಲ. ನಾಲ್ಕು ಜನವೂ ರಸ್ತೆಯಲ್ಲಿ ಇರುತ್ತೀರಲ್ಲ. ಅವನ ಅಮ್ಮ ಒಬ್ಬರೇ ಆಗುತ್ತಾರೆ. ಅಲ್ಲಿ ನನ್ನ ಹೆಸರು ಬರಿ. ಅವನ ಹತ್ತಿರವೂ ಕೇಳು, ನಾನು ಇರುವುದು ಅವನಿಗೆ ಒಪ್ಪಿಗೆಯಾ ಅಂತ. ಮಗ್ಗುಲು ಬದಲಿಸುವಾಗ ಮಂಡಿಗಳ ನಡುವೆ ದಿಂಬು ಇಡುವುದು, ಹಿಮ್ಮಡಿ ಹಾಸಿಗೆಗೆ ತಾಗದ ಹಾಗೆ ಎತ್ತಿ ಇಡುವುದು, ಎಲ್ಲ ನೆನಪಿದೆ. ಅವನಿಗೆ ಏನಾದರೂ ಬೇರೆ ರೀತಿ ಇದ್ದರೆ ಶುಕ್ರವಾರ ಬಂದು ತೋರಿಸಿಕೊಡು.

ಎರಡು ಫೋನಿನಲ್ಲಿ ಅಲಾರಂ ಇಟ್ಟಿದ್ದೇನೆ. ಹತ್ತು, ಹನ್ನೆರಡು, ಎರಡು, ನಾಲ್ಕು. ಭಾನುವಾರ ಬೆಳಿಗ್ಗೆ ಅವನನ್ನು ಕರೆದುಕೊಂಡು 99ನೇ ಕಿಲೋಮೀಟರಿನ ಹತ್ತಿರ ಬಂದಿರುತ್ತೇನೆ.

ನಿನ್ನ ಅಪ್ಪ