62 ಅನ್ನೋ ಪಾಸ್ ಅಂಕದ ಲೆಕ್ಕ ಕೊಡಿ

ಇವರಿಗೆ,
ವ್ಯವಸ್ಥಾಪಕರು, ಪರೀಕ್ಷಾ ವಿಭಾಗ

ವಿಷಯ: ಅಕೌಂಟಿಂಗ್ ಸರ್ಟಿಫಿಕೇಟ್ ಪರೀಕ್ಷೆಯ ಪಾಸ್ ಅಂಕದ ಬಗ್ಗೆ ದೂರು

ಮಾನ್ಯರೇ,

ನಮ್ಮ ತರಬೇತಿ ಕೇಂದ್ರದ ಕೆಲವರು ನಿಮ್ಮ 100 ಅಂಕದ ಪರೀಕ್ಷೆಯಲ್ಲಿ 60, 61 ತೆಗೆದು ಫೇಲ್ ಆಗಿದ್ದಾರೆ. 62 ಅನ್ನೋ ಗೆರೆಯನ್ನು ಎಷ್ಟು ನಂಬಬಹುದು ಅಂತ ನಾನು ಕೇಳಿದ್ದೆ. "ನಮ್ಮ ಪರೀಕ್ಷೆಯ ವಿಶ್ವಾಸಾರ್ಹತೆ 0.91" ಅಂತ ಒಂದೇ ಸಾಲಿನ ಉತ್ತರ ಬಂತು. ಅದಕ್ಕೇ ಈ ದೂರು.

ವಿಶ್ವಾಸಾರ್ಹತೆ ಅಂದ್ರೆ ಪರೀಕ್ಷೆ ಮತ್ತೆ ನಡೆಸಿದರೂ ಅಂಕಗಳು ಎಷ್ಟು ಸ್ಥಿರವಾಗಿರುತ್ತೆ ಅನ್ನೋ ಅಳತೆ, 1 ಅಂದ್ರೆ ಪೂರ್ತಿ ಸ್ಥಿರ. ಹಾಗಾಗಿ 0.91 ಅನ್ನೋದು ಅಭ್ಯರ್ಥಿಗಳ ಅಂಕಗಳಿಗೆ ಸೇರಿದ್ದು, ಪಾಸ್ ಗೆರೆಗಲ್ಲ. ಅದನ್ನೇ ಹಿಡಿದರೂ, ನಿಮ್ಮ ವರದಿಯಲ್ಲಿ ಅಂಕಗಳ ಪ್ರಮಾಣ ವಿಚಲನೆ (ಸರಾಸರಿಯಿಂದ ಅಂಕಗಳು ಎಷ್ಟು ಚದುರಿವೆ ಅನ್ನೋದು) 10 ಅಂತಿದೆ. ಎರಡನ್ನೂ ಸೇರಿಸಿ ಲೆಕ್ಕ ಹಾಕಿದರೆ, 10 × √(1 − 0.91) = 3, ಅಂದ್ರೆ ಒಬ್ಬರ ಅಂಕ 3ರಷ್ಟು ಆಚೀಚೆ ಆಗೋದು ಮಾಮೂಲು.

ಗೆರೆಯ ಕಥೆ ಇನ್ನೂ ಸಡಿಲ. ಆಂಗಾಫ್ ವಿಧಾನ ಬಳಸಿದ್ದೀವಿ ಅಂತೀರಿ. ಒಳ್ಳೆಯದೇ, 1971ರಿಂದ ಬಳಕೆಯಲ್ಲಿರುವ ವಿಧಾನ. ಪಾಸ್-ಫೇಲ್ ಅಂಚಿನಲ್ಲಿರುವ 100 ಜನರಲ್ಲಿ ಎಷ್ಟು ಮಂದಿ ಈ ಪ್ರಶ್ನೆಗೆ ಸರಿ ಉತ್ತರ ಬರೆದಾರು ಅಂತ ತಜ್ಞರು ಒಂದೊಂದು ಪ್ರಶ್ನೆಗೂ ಅಂದಾಜು ಹಾಕಬೇಕು. ನಿಮ್ಮ ಅನುಬಂಧದಲ್ಲಿ ತಜ್ಞರು ಐದೇ ಜನ. ಒಬ್ಬೊಬ್ಬರ ಅಂದಾಜುಗಳನ್ನು ಕೂಡಿದಾಗ ಬಂದ ಗೆರೆಗಳು 54, 58, 62, 66, 70. ಅತಿ ಕಡಿಮೆಗೂ ಅತಿ ಹೆಚ್ಚಿಗೂ 16 ಅಂಕದ ಅಂತರ! ಸರಾಸರಿ 62 ಬರುತ್ತೆ, ನಿಜ. ಆದರೆ ಆ ಸರಾಸರಿಯ ಪ್ರಮಾಣ ದೋಷ, ಅಂದ್ರೆ ಅದು ಎಷ್ಟು ಆಚೀಚೆ ಆಗಬಹುದು ಅನ್ನೋದು, ಲೆಕ್ಕ ಹಾಕಿದರೆ ಸುಮಾರು 2.8. ಬೇರೆ ಐದು ಜನರನ್ನು ಕೂರಿಸಿದ್ದರೆ 59 ಬರಬಹುದಿತ್ತು, 65 ಕೂಡ ಬರಬಹುದಿತ್ತು. ಮೊದಲ ಸುತ್ತಿನ ನಂತರ ತಜ್ಞರು ಚರ್ಚಿಸಿ ಎರಡನೇ ಸುತ್ತು ಅಂದಾಜು ಹಾಕೋದು ಸಾಮಾನ್ಯ ಪದ್ಧತಿ. ನಿಮ್ಮಲ್ಲಿ ಅದರ ಸುಳಿವೇ ಇಲ್ಲ.

ಶಿಕ್ಷಕರ ಅರ್ಹತಾ ಪರೀಕ್ಷೆ ಟಿಇಟಿಯಲ್ಲಿ ಸಾಮಾನ್ಯ ವರ್ಗಕ್ಕೆ 150ಕ್ಕೆ 90 ಅಂತ ನಿಯಮವೇ ಹೇಳುತ್ತೆ. ಅದು ಸರಿಯೋ ತಪ್ಪೋ, ತಜ್ಞರ ಲೆಕ್ಕ ಅಂತ ಯಾರೂ ಬಿಂಬಿಸಲ್ಲ. ನೀವು ಸುಮ್ನೆ "ವೈಜ್ಞಾನಿಕ" ಅಂತ ಮುದ್ರೆ ಒತ್ತಿ, ಮರುಪರೀಕ್ಷೆಗೆ ಪೂರ್ತಿ ಶುಲ್ಕ ಕೇಳ್ತೀರಲ್ಲ, ಅದು ನ್ಯಾಯ ಅಲ್ಲ.

ಎರಡನೇ ಸುತ್ತು ನಡೆದಿದ್ದರೆ ಅದರ ಅಂಕಿಗಳನ್ನು ಕಳಿಸಿ. ನಡೆದಿಲ್ಲದಿದ್ದರೆ ಹೆಚ್ಚು ತಜ್ಞರನ್ನು ಕೂರಿಸಿ ಗೆರೆಯನ್ನು ಮತ್ತೆ ನಿರ್ಧರಿಸಿ. ಇದೇ ಮಟ್ಟದ ಇನ್ನೊಂದು ಪ್ರಶ್ನೆಪತ್ರಿಕೆ ಕೊಟ್ಟರೆ ಎಷ್ಟು ಜನರ ಪಾಸ್-ಫೇಲ್ ಬದಲಾಗದೆ ಉಳಿಯುತ್ತೆ ಅನ್ನೋ ಲೆಕ್ಕವೂ ಬೇಕು. ಅಲ್ಲಿಯವರೆಗೆ 59ರಿಂದ 61 ಪಡೆದವರಿಗೆ ಮರುಪರೀಕ್ಷೆ ಉಚಿತವಾಗಿರಲಿ. ಹದಿನೈದು ದಿನದೊಳಗೆ ಲಿಖಿತ ಉತ್ತರ ಕೊಡಿ. ಇಲ್ಲದಿದ್ದರೆ ಗ್ರಾಹಕರ ಆಯೋಗಕ್ಕೆ ಹೋಗುತ್ತೇವೆ.

ಇಂತಿ,
ಸಂಯೋಜಕಿ, ತರಬೇತಿ ಕೇಂದ್ರ
ದಾವಣಗೆರೆ