ಮೆಟಾಲಿಕಾದ ಗೆಳೆಯನಿಗೆ, ಮಡಿಕೇರಿಯಿಂದ

ಪ್ರಿಯ ಗೆಳೆಯ,

ಹುತ್ತರಿ ಕಳೆಯಿತು. ಬಾಗಿಲಿಗೆ ಕಟ್ಟಿದ ಕದಿರು ಇನ್ನೂ ಹಾಗೆಯೇ ಇದೆ. ಅರೇಬಿಕಾ ಕೊಯ್ಲು ಮುಗಿಯುತ್ತ ಬಂದು ಕಣದ ತುಂಬ ಕಾಫಿ ಹರವಿದ್ದೇವೆ. ಬೆಳಗ್ಗೆ ಮಂಜು ಸರಿದ ಮೇಲೆ ಅದನ್ನು ಮಗುಚಿ ಹಾಕುವುದು ನನ್ನ ಪಾಲಿನ ಕೆಲಸ. ಕಿವಿಯಲ್ಲಿ ಹಾಡು, ಕಾಲ ಕೆಳಗೆ ಕಾಫಿ. ಕಣದ ಆ ತುದಿಯಿಂದ ಈ ತುದಿಗೆ ನಡೆಯುತ್ತಿರುತ್ತೇನೆ. ಕಳೆದ ವಾರ ಹಾಗೆ ನಡೆಯುವಾಗಲೇ ನಿನಗೆ ಬರೆಯಬೇಕೆನಿಸಿತು. ಫೋನಿನಲ್ಲಿ ಹೇಳಲು ಹೊರಟರೆ ನೀನು ನಡುವೆ ಬಾಯಿ ಹಾಕುತ್ತೀಯ, ನಾನು ದನಿ ಏರಿಸುತ್ತೇನೆ, ಮಾತು ಎಲ್ಲಿಗೋ ಹೋಗುತ್ತದೆ. ಅಮೆರಿಕದ ಎರಡು ಹೆವಿ ಮೆಟಲ್ ಸಂಗೀತ ತಂಡಗಳಲ್ಲಿ ನಿನ್ನ ಮೆಟಾಲಿಕಾ ಮೇಲೋ ನನ್ನ ಮೆಗಾಡೆತ್ ಮೇಲೋ ಎಂಬ ನಮ್ಮ ಈ ಜಗಳವನ್ನು ಬಲ್ಲ ಹಳೆಯ ಸಹಪಾಠಿಗಳೂ ಓದಲಿ ಎಂದು ಎಲ್ಲರಿಗೂ ಕಾಣುವಂತೆ ಹಾಕುತ್ತಿದ್ದೇನೆ.

ಮೆಗಾಡೆತ್ ನಿಲ್ಲುತ್ತಿದೆ. ಇನ್ನೊಂದೇ ಆಲ್ಬಂ, ಆಮೇಲೆ ವಿದಾಯದ ಪ್ರವಾಸ ಎಂದು ಅದನ್ನು ಕಟ್ಟಿದ ಗಾಯಕ, ಗಿಟಾರ್ ವಾದಕ ಡೇವ್ ಮಸ್ಟೇನ್ 2025ರ ಆಗಸ್ಟ್‌ನಲ್ಲಿ ಹೇಳಿದಾಗ ನೀನು ಒಂದು ಸಾಲಿನ ಸಂದೇಶ ಕಳಿಸಿದ್ದೆ, ‘ಹೇಗಿದ್ದೀಯ?’ ಎಂದು. ಸಾವಿನ ಮನೆಯವರನ್ನು ವಿಚಾರಿಸುವ ಹಾಗಿತ್ತು ಅದು. ನೀನು ಗೆದ್ದೆನೆಂದು ಬೀಗಲಿಲ್ಲ, ಛೇಡಿಸಲಿಲ್ಲ. ನನಗೆ ಉತ್ತರ ಬರೆಯಲು ಕೈ ಬರಲಿಲ್ಲ. ಈಗ ಬರೆಯುತ್ತಿದ್ದೇನೆ.

1991ರ ದಸರಾ ರಜೆ ನೆನಪಿದೆಯಲ್ಲ? ನಿನ್ನ ಅಣ್ಣ ಬೆಂಗಳೂರಿನಿಂದ ಬರುವಾಗ ಎರಡು ಕ್ಯಾಸೆಟ್ ತಂದಿದ್ದರು. ಒಂದು ಹೊಸದಾಗಿ ಬಂದಿದ್ದ ಮೆಟಾಲಿಕಾ, ಇಡೀ ಹೊದಿಕೆ ಕಪ್ಪು, ಮೂಲೆಯಲ್ಲಿ ಕಂಡೂ ಕಾಣದ ಹಾವು. ಇನ್ನೊಂದು ಮೆಗಾಡೆತ್‌ನ ಆಲ್ಬಂ, ಖಾಲಿ ಕ್ಯಾಸೆಟ್‌ಗೆ ಯಾರಿಂದಲೋ ತುಂಬಿಸಿಕೊಂಡು ಬಂದದ್ದು. ಬೆನ್ನಿನ ಮೇಲೆ ಬಾಲ್‌ಪೆನ್ನಿನಲ್ಲಿ ‘ರಸ್ಟ್ ಇನ್ ಪೀಸ್’ ಎಂದಷ್ಟೇ ಬರೆದಿತ್ತು. ಮನೆಯ ಹುಡುಗ ನೀನು, ಮೊದಲ ಆಯ್ಕೆ ನಿನ್ನದಾಯಿತು. ಉಳಿದದ್ದು ನನ್ನ ಕೈಗೆ ಬಂತು. ಮೂವತ್ತನಾಲ್ಕು ವರ್ಷದ ನಮ್ಮ ಪಕ್ಷಗಳು ಹುಟ್ಟಿದ್ದು ಹಾಗೆ. ಅಂದು ನೀನು ಇನ್ನೊಂದನ್ನು ಎತ್ತಿಕೊಂಡಿದ್ದರೆ ಏನಾಗುತ್ತಿತ್ತೋ ಎಂದು ಎಷ್ಟೋ ಸಲ ಯೋಚಿಸಿದ್ದೇನೆ.

ಆ ಕ್ಯಾಸೆಟ್ ಇನ್ನೂ ನನ್ನ ಬಳಿಯಿದೆ. ಮಡಿಕೇರಿಯ ಮಳೆಗಾಲದಲ್ಲಿ ಕ್ಯಾಸೆಟ್ ಕಾಪಾಡುವ ಕಷ್ಟ ಬೇರೆ ಊರಿನವರಿಗೆ ಹೇಳಿದರೆ ಅರ್ಥವಾಗದು. ಜುಲೈ ಬರುವಷ್ಟರಲ್ಲಿ ಚಪ್ಪಲಿ, ಬೆಲ್ಟು, ಪುಸ್ತಕ ಎಲ್ಲಕ್ಕೂ ಬೂಷ್ಟು. ರೀಲಿನ ಅಂಚಿಗೆ ಬಿಳಿ ಪುಡಿ ಹಿಡಿದರೆ ಹಾಡು ನೀರಿನೊಳಗಿಂದ ಬಂದಂತೆ ಕೇಳುತ್ತಿತ್ತು. ಅವ್ವ ಅಕ್ಕಿ ಡಬ್ಬದಲ್ಲಿ ಹುದುಗಿಸಿಡಲು ಹೇಳಿದಳು. ಪೇಪರಿನಲ್ಲಿ ಸುತ್ತಿ, ಮೇಲೆ ಪ್ಲಾಸ್ಟಿಕ್ ಕಟ್ಟಿ, ಅಕ್ಕಿಯೊಳಗೆ ಇಟ್ಟೆ. ಒಮ್ಮೆ ಟೇಪ್ ರೆಕಾರ್ಡರ್ ರೀಲನ್ನು ನುಂಗಿ ‘ಹ್ಯಾಂಗರ್ 18’ ಹಾಡಿನ ನಡುವೆ ಎರಡು ಬೆರಳಿನಷ್ಟು ಹರಿಯಿತು. ಅಂಚು ಸಮ ಮಾಡಿ, ಹಿಂದೆ ಅಂಟುಪಟ್ಟಿ ಹಚ್ಚಿ, ಪೆನ್ಸಿಲ್ ತೂರಿಸಿ ಸುತ್ತಿದೆ. ಆ ಜಾಗದಲ್ಲಿ ಇಂದಿಗೂ ಹಾಡು ಒಂದು ಹೆಜ್ಜೆ ಹಾರುತ್ತದೆ. ಈಗ ಮೊಬೈಲಿನಲ್ಲಿ ಆ ಹಾಡು ಹಾರದೆ ಮುಂದೆ ಹೋದಾಗ ನನಗೆ ಏನೋ ತಪ್ಪಿದಂತೆ ಅನಿಸುತ್ತದೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು ಕಡೆಯ ಗುಡ್ಡಗಳು ಜಾರಿ, ರಾತ್ರೋರಾತ್ರಿ ನಾವು ಮನೆ ಬಿಟ್ಟು ಹೊರಟಾಗ ಅವ್ವ ಆಸ್ತಿಪತ್ರದ ಚೀಲ ಹಿಡಿದಳು. ನಾನು ಕ್ಯಾಸೆಟ್ ಡಬ್ಬ ಹಿಡಿದೆ. ಯಾಕೆಂದು ಅವಳು ಕೇಳಲಿಲ್ಲ.

ಮಸ್ಟೇನ್‌ನ ಕತೆ ನನಗೆ ಆಮೇಲೆ ತಿಳಿದದ್ದು, ನೀನೇ ಹೇಳಿದ್ದು. ಅವನು ಮೊದಲು ನಿನ್ನ ಮೆಟಾಲಿಕಾದವನು. 1983ರ ಏಪ್ರಿಲ್‌ನಲ್ಲಿ, ಮೊದಲ ಆಲ್ಬಂ ಮುದ್ರಿಸಲು ಇಡೀ ತಂಡ ನ್ಯೂಯಾರ್ಕಿಗೆ ಬಂದಿದ್ದಾಗ, ಬೆಳಗ್ಗೆ ಎಬ್ಬಿಸಿ ‘ನೀನು ಇನ್ನು ತಂಡದಲ್ಲಿಲ್ಲ’ ಎಂದು ಬಸ್ಸು ಹತ್ತಿಸಿಬಿಟ್ಟರು. ಕುಡಿತ ಮತ್ತು ಮುಂಗೋಪ ಕಾರಣ. ಕುಡಿತ ಉಳಿದವರಲ್ಲೂ ಇತ್ತು. ಅಮೆರಿಕದ ಒಂದು ಕರಾವಳಿಯಿಂದ ಇನ್ನೊಂದಕ್ಕೆ ನಾಲ್ಕು ದಿನದ ದಾರಿ, ಕೈಯಲ್ಲಿ ಹಣವಿಲ್ಲ. ಆ ಬಸ್ಸಿನಲ್ಲಿ ಸಿಕ್ಕ ಅಣ್ವಸ್ತ್ರ ವಿರೋಧಿ ಕರಪತ್ರವೊಂದರಲ್ಲಿ ಅವನು ‘ಮೆಗಾಡೆತ್’ ಎಂಬ ಪದವನ್ನು ಕಂಡ. ಪರಮಾಣು ಯುದ್ಧದಲ್ಲಿ ಹತ್ತು ಲಕ್ಷ ಸಾವನ್ನು ಒಂದು ಎಂದು ಎಣಿಸುವ ಲೆಕ್ಕದ ಪದ. ಅದರ ಇಂಗ್ಲಿಷ್ ಕಾಗುಣಿತದಿಂದ ಒಂದು ಅಕ್ಷರ ಬಿಟ್ಟು ತನ್ನ ತಂಡಕ್ಕೆ ಹೆಸರಿಟ್ಟ. ಅವನು ಇಳಿದ ಜಾಗಕ್ಕೆ ಕರ್ಕ್ ಹ್ಯಾಮೆಟ್ ಬಂದ. ಅದೇ ಜುಲೈಯಲ್ಲಿ ‘ಕಿಲ್ ಎಮ್ ಆಲ್’ ಹೊರಬಂದಾಗ ಅದರ ನಾಲ್ಕು ಹಾಡುಗಳ ರಚನೆಯಲ್ಲಿ ಮಸ್ಟೇನ್ ಹೆಸರಿತ್ತು, ನುಡಿಸಲು ಅವನಿರಲಿಲ್ಲ. ಮರುವರ್ಷದ ‘ರೈಡ್ ದಿ ಲೈಟ್ನಿಂಗ್’ ಆಲ್ಬಂನಲ್ಲೂ ಎರಡು ಹಾಡಿಗೆ ಅವನ ಹೆಸರಿದೆ.

ಹದಿನೇಳು ವರ್ಷದ ನನಗೆ ಇದು ಸಾಕಾಗಿತ್ತು. ಮನೆಯಿಂದ ಹೊರಗೆ ಹಾಕಿಸಿಕೊಂಡವನು ಹೋಗಿ ತನ್ನದೇ ಮನೆ ಕಟ್ಟಿದ. ಅವನ ಸಿಟ್ಟನ್ನು ನಾನು ಅಂದೇ ನನ್ನದು ಮಾಡಿಕೊಂಡೆ. ಮೆಟಾಲಿಕಾ ಏನೇ ಮಾಡಲಿ, ಕದ್ದ ಒಡವೆ ಧರಿಸಿ ಮೆರೆಯುತ್ತಿದ್ದಾರೆ ಎಂದೇ ನನಗೆ ಕಾಣುತ್ತಿತ್ತು.

ಅದಿರಲಿ. ಸಂಗೀತದ ಮಾತು ಬಂದಾಗ ನಾನು ಇಂದಿಗೂ ಒಂದು ಹೆಜ್ಜೆ ಹಿಂದೆ ಸರಿಯುವುದಿಲ್ಲ. ‘ರಸ್ಟ್ ಇನ್ ಪೀಸ್’ಗೆ ಸಮನಾದ ಗಿಟಾರ್ ಕೆಲಸ ನಿನ್ನವರ ಯಾವ ಆಲ್ಬಂನಲ್ಲೂ ಇಲ್ಲ. ‘ಹ್ಯಾಂಗರ್ 18’ ಹಾಡಿನ ದ್ವಿತೀಯಾರ್ಧ ಕೇಳು: ಮಸ್ಟೇನ್ ಗಿಟಾರಿನಲ್ಲಿ ಒಂದು ಮಾತು ಎಸೆಯುತ್ತಾನೆ, ತಂಡದ ಇನ್ನೊಬ್ಬ ಗಿಟಾರ್ ವಾದಕ ಮಾರ್ಟಿ ಫ್ರೀಡ್‌ಮನ್ ಉತ್ತರಿಸುತ್ತಾನೆ, ಮತ್ತೆ ಅವನು, ಮತ್ತೆ ಇವನು. ಮಸ್ಟೇನ್‌ನದು ಹಲ್ಲು ಕಚ್ಚಿದ ವೇಗ. ಫ್ರೀಡ್‌ಮನ್‌ನ ಸ್ವರಗಳು ಎಲ್ಲಿಂದಲೋ ಪೂರ್ವ ದಿಕ್ಕಿನಿಂದ ಬಂದಂತೆ ಬಳುಕುತ್ತವೆ. ‘ಟೊರ್ನೇಡೊ ಆಫ್ ಸೋಲ್ಸ್’ ಹಾಡಿನ ಸೋಲೋ, ಅಂದರೆ ಒಂಟಿ ಗಿಟಾರಿನ ಭಾಗ, ಫ್ರೀಡ್‌ಮನ್ ನುಡಿಸಿ ಮುಗಿಸಿದಾಗ ಮಸ್ಟೇನ್ ಒಂದೂ ಮಾತಾಡದೆ ಬಂದು ಫ್ರೀಡ್‌ಮನ್‌ನ ಕೈಕುಲುಕಿ ಹೋದನಂತೆ. ಆ ಸೋಲೋಗೆ ಅದಕ್ಕಿಂತ ಒಳ್ಳೆಯ ವಿಮರ್ಶೆಯನ್ನು ನಾನು ಓದಿಲ್ಲ. ಇನ್ನು ಡ್ರಮ್ಸ್. ನಮ್ಮ ನಿಕ್ ಮೆನ್ಜಾನ ಕೈಗೂ ನಿನ್ನವರ ಲಾರ್ಸ್ ಉಲ್ರಿಕ್‌ನ ಕೈಗೂ ಹೋಲಿಕೆಯೇ ಬೇಡ. ಇದನ್ನು ನೀನೂ ಒಪ್ಪಿದ್ದೀಯ. ಆ ಮೆನ್ಜಾ 2016ರಲ್ಲಿ ವೇದಿಕೆಯ ಮೇಲೆ ನುಡಿಸುತ್ತಿದ್ದಾಗಲೇ ಕುಸಿದು ತೀರಿಕೊಂಡ ಸುದ್ದಿ ಓದಿದ ದಿನ ನಾನು ತೋಟಕ್ಕೆ ಇಳಿಯಲಿಲ್ಲ.

ಮೆಟಾಲಿಕಾದ ಗಾಯಕ, ಗಿಟಾರ್ ವಾದಕ ಜೇಮ್ಸ್ ಹೆಟ್‌ಫೀಲ್ಡ್‌ನ ಬಲಗೈಯ ಬಗ್ಗೆ ಮಾತ್ರ ನಾನು ಎಂದೂ ಹಗುರವಾಗಿ ಮಾತಾಡಿಲ್ಲ. ‘ಮಾಸ್ಟರ್ ಆಫ್ ಪಪೆಟ್ಸ್’ ಹಾಡಿನ ಆ ರಿಫ್‌ನಲ್ಲಿ, ಮತ್ತೆ ಮತ್ತೆ ಬರುವ ಆ ಗಿಟಾರ್ ಸಾಲಿನಲ್ಲಿ, ಕೈ ಮೇಲಿನಿಂದ ಕೆಳಕ್ಕೆ ಮಾತ್ರ ಬೀಳುತ್ತದೆ. ಏಳುವಾಗ ತಂತಿ ಮುಟ್ಟುವುದಿಲ್ಲ. ಅಷ್ಟು ವೇಗದಲ್ಲಿ, ಎಂಟು ನಿಮಿಷದ ಹಾಡಿನಲ್ಲಿ! ನಾನು ಗಿಟಾರ್ ಕಲಿಯಲು ಹೊರಟ ಎರಡು ವರ್ಷ ಅದೊಂದನ್ನೇ ಪ್ರಯತ್ನಿಸಿದ್ದೆ. ಅರ್ಧ ನಿಮಿಷಕ್ಕೆ ಮೊಣಕೈ ಕಲ್ಲಾಗುತ್ತಿತ್ತು. ನಮ್ಮ ಮದುವೆಮನೆಗಳ ವಾಲಗದಲ್ಲಿ ಇಂಥ ಒಂದು ಗುಣ ಇದೆ: ಬಡಿತ ಶುರುವಾದರೆ ಅಜ್ಜನ ಕಾಲೂ ಮೊಮ್ಮಗನ ಕಾಲೂ ಒಟ್ಟಿಗೆ ಏಳುತ್ತವೆ. ಮೆಟಾಲಿಕಾಕ್ಕೆ ಅದು ದಕ್ಕಿದೆ. ಮೆಗಾಡೆತ್‌ಗೆ ದಕ್ಕಿಲ್ಲ, ಅದು ಕೂತು ಕಿವಿಗೊಡಬೇಕಾದ ಸಂಗೀತ. ಕಪ್ಪು ಹೊದಿಕೆಯ ಆ ಆಲ್ಬಂ ಅಮೆರಿಕವೊಂದರಲ್ಲೇ 1.6 ಕೋಟಿಗೂ ಹೆಚ್ಚು ಪ್ರತಿ ಹೋದದ್ದು ಸುಮ್ಮನೆ ಅಲ್ಲ. 1992ರಲ್ಲಿ ಮೆಗಾಡೆತ್‌ನ ‘ಕೌಂಟ್‌ಡೌನ್ ಟು ಎಕ್ಸ್‌ಟಿಂಕ್ಷನ್’ ಅಲ್ಲಿನ ಮಾರಾಟ ಪಟ್ಟಿಯಲ್ಲಿ ಎರಡನೇ ಸ್ಥಾನಕ್ಕೆ ಬಂದು ನಿಂತಿತು. ಎರಡನೆಯದು. ಆ ಸಂಖ್ಯೆ ಮಸ್ಟೇನ್‌ನನ್ನು ಬಿಡಲೇ ಇಲ್ಲ. 2017ರಲ್ಲಿ ಕೊನೆಗೂ ಗ್ರ್ಯಾಮಿ ಪ್ರಶಸ್ತಿ ಬಂತು. ಅವನು ವೇದಿಕೆಯತ್ತ ನಡೆಯುವಾಗ ಅಲ್ಲಿನ ವಾದ್ಯವೃಂದ ನುಡಿಸಿದ್ದು ‘ಮಾಸ್ಟರ್ ಆಫ್ ಪಪೆಟ್ಸ್’. ಅದನ್ನು ನೋಡಿದಾಗ ನನ್ನ ಕಣ್ಣಲ್ಲಿ ನೀರು ಬಂದಿತ್ತು. ಅವನು ಗಾಳಿಯಲ್ಲಿ ಗಿಟಾರ್ ನುಡಿಸುತ್ತ ನಗುತ್ತ ಹತ್ತಿಹೋದ.

ಮಡಿಕೇರಿಯಲ್ಲಿ ಬೆಳೆದವನಿಗೆ ಪಕ್ಷ ವಹಿಸುವುದನ್ನು ಬೇರೆ ಕಲಿಸಬೇಕಿಲ್ಲ. ವಿಜಯದಶಮಿಯ ರಾತ್ರಿ ಹತ್ತು ದೇವಸ್ಥಾನಗಳ ಹತ್ತು ಮಂಟಪ, ಅಂದರೆ ಚಲಿಸುವ ಗೊಂಬೆಗಳ ಸ್ತಬ್ಧಚಿತ್ರಗಳು, ಮೆರವಣಿಗೆ ಹೊರಡುತ್ತವೆ. ನಿಮ್ಮದು ಕೋಟೆ ಗಣಪತಿ. ಆಗ ದೇಚೂರಿನ ಬಾಡಿಗೆ ಮನೆಯಲ್ಲಿದ್ದ ನಮಗೆ ದೇಚೂರು ರಾಮಮಂದಿರದ್ದೇ ಮಂಟಪ. ಬಹುಮಾನ ಘೋಷಣೆಯಾದ ಮೇಲೂ ಮುಂದಿನ ದಸರಾದವರೆಗೆ ವಾದ ಮುಗಿಯುತ್ತಿರಲಿಲ್ಲ. ಒಂದು ಮಂಟಪದವರು ರಾಕ್ಷಸನ ಕತ್ತು ತಿರುಗಿಸಿದರೆ ಮರುವರ್ಷ ಇನ್ನೊಂದು ಮಂಟಪದ ರಾಕ್ಷಸ ಎದ್ದೇ ನಿಲ್ಲುತ್ತಿದ್ದ. ಬೆಳಗಿನ ಚಳಿಯಲ್ಲಿ ನಾವಿಬ್ಬರೂ ಕಂಬಳಿ ಹೊದ್ದು ಒಂದೇ ಜಗುಲಿಯ ಮೇಲೆ ಕೂತು, ಪರಸ್ಪರರ ಮಂಟಪ ಬಂದಾಗ ಮುಖ ತಿರುಗಿಸುತ್ತಿದ್ದೆವು, ಆದರೂ ಕದ್ದು ನೋಡುತ್ತಿದ್ದೆವು. ನಾನು ಮೆಟಾಲಿಕಾ ಕೇಳಿದ್ದು ಹಾಗೆ, ಮುಖ ತಿರುಗಿಸಿ. ಆ ಎರಡು ತಂಡಗಳೂ ಹಾಗೆಯೇ ಒಂದರ ಮೇಲೊಂದು ಕಣ್ಣಿಟ್ಟು ಬೆಳೆದವು ಎಂಬುದು ನನ್ನ ಗಟ್ಟಿ ನಂಬಿಕೆ. ನ್ಯೂಯಾರ್ಕಿನ ಆ ಬೆಳಗು ಇಲ್ಲದಿದ್ದರೆ ‘ರಸ್ಟ್ ಇನ್ ಪೀಸ್’ ಇಲ್ಲ.

2008ರ ಮಾರ್ಚ್‌ನಲ್ಲಿ ಮೆಗಾಡೆತ್ ಬೆಂಗಳೂರಿಗೆ ಬಂದಾಗ ನೀನು ನನ್ನ ಜೊತೆ ಅರಮನೆ ಮೈದಾನಕ್ಕೆ ಬಂದೆ. 2011ರ ಅಕ್ಟೋಬರ್ 30ರಂದು ಮೆಟಾಲಿಕಾ ಅದೇ ಮೈದಾನಕ್ಕೆ ಬಂದಾಗ ನಾನು ನಿನ್ನ ಜೊತೆ ಬಂದೆ. ಎರಡು ದಿನ ಮೊದಲು ಗುರುಗ್ರಾಮದ ಅವರ ಕಾರ್ಯಕ್ರಮ ರದ್ದಾಗಿ, ಇಲ್ಲೂ ಹಾಗೇ ಆದರೆ ಎಂದು ನೀನು ಊಟ ಬಿಟ್ಟಿದ್ದೆ. ‘ಮಾಸ್ಟರ್ ಆಫ್ ಪಪೆಟ್ಸ್’ ಶುರುವಾದಾಗ ನಿನ್ನನ್ನು ನೋಡಿದೆ. ಹಾಡುತ್ತಿದ್ದೆಯೋ ಅಳುತ್ತಿದ್ದೆಯೋ ತಿಳಿಯಲಿಲ್ಲ. ನನ್ನ ಬಾಯಲ್ಲೂ ಪ್ರತಿ ಸಾಲು ಬರುತ್ತಿತ್ತು. ನಿನಗೆ ಕಾಣಬಾರದೆಂದು ಎರಡು ಹೆಜ್ಜೆ ಹಿಂದೆ ನಿಂತು ಹಾಡಿದೆ. ಇದನ್ನು ಇವತ್ತೇ ಮೊದಲು ಹೇಳುತ್ತಿರುವುದು. ಅದಾಗಿ ಆರು ವಾರಕ್ಕೆ, ಡಿಸೆಂಬರ್ 10ರಂದು, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮೆಟಾಲಿಕಾದ ಮೂವತ್ತನೇ ವರ್ಷದ ಸಂಭ್ರಮದಲ್ಲಿ ಮಸ್ಟೇನ್ ಅವರ ಜೊತೆ ವೇದಿಕೆ ಹತ್ತಿ ಹಳೆಯ ಹಾಡುಗಳನ್ನು ನುಡಿಸಿದ. ಇಪ್ಪತ್ತೆಂಟು ವರ್ಷದ ಮೇಲೆ.

ಈಗ ಕಳೆದ ವಾರದ ಮಾತು. ಕಣದಲ್ಲಿ ನಡೆಯುತ್ತ ‘ಮೆಕ್ಯಾನಿಕ್ಸ್’ ಕೇಳುತ್ತಿದ್ದೆ. ಮಸ್ಟೇನ್ ಮೆಟಾಲಿಕಾದಲ್ಲಿದ್ದಾಗಲೇ ನುಡಿಸುತ್ತಿದ್ದ ಹಾಡು ಅದು. ಪೆಟ್ರೋಲ್ ಬಂಕ್‌ನ ಪೋಲಿ ಸಾಹಿತ್ಯ. ಅವನು ಹೋದ ಮೇಲೆ ಹೆಟ್‌ಫೀಲ್ಡ್ ಸಾಹಿತ್ಯ ಬದಲಿಸಿ, ಅದು ‘ದಿ ಫೋರ್ ಹಾರ್ಸ್‌ಮೆನ್’ ಆಯಿತು. ಮಸ್ಟೇನ್ 1985ರಲ್ಲಿ ತನ್ನ ಮೊದಲ ಆಲ್ಬಂನಲ್ಲಿ ಮೂಲವನ್ನು ಇನ್ನಷ್ಟು ವೇಗದಲ್ಲಿ ನುಡಿಸಿ ಉತ್ತರ ಕೊಟ್ಟ. ಇಷ್ಟು ವರ್ಷ ನಾನು ಇದರಲ್ಲಿ ವೇಗವನ್ನೇ ಮೆಚ್ಚಿದೆ, ಮೂಲದವನದೇ ನ್ಯಾಯ ಎಂದೆ. ಅದು ಮುಗಿದ ಕೂಡಲೇ ಇನ್ನೊಂದು ತಾನಾಗಿ ಶುರುವಾಯಿತು. ಕೈಯಲ್ಲಿ ಕೆಲಸವಿತ್ತು, ಬದಲಿಸಲಿಲ್ಲ. ಅದೇ ರಿಫ್‌ಗಳು. ಆದರೆ ಇದಕ್ಕೆ ಅವಸರವಿಲ್ಲ, ಏಳು ನಿಮಿಷ. ನಡುವೆ ಕುದುರೆಗಳು ಓಟ ನಿಲ್ಲಿಸಿ ಉಸಿರು ಬಿಟ್ಟಂತೆ ಹಾಡು ನಿಧಾನವಾಗುತ್ತದೆ, ಕೆಳಗೆ ಕ್ಲಿಫ್ ಬರ್ಟನ್‌ನ ಬೇಸ್ ಗಿಟಾರ್, ಮೇಲೆ ಗಿಟಾರ್ ಅಷ್ಟು ಸಿಹಿಯಾಗಿ ಹರಿಯುತ್ತದೆ. ಮತ್ತೆ ಓಟ. ನಾನು ಕಾಫಿಯ ನಡುವೆ ನಿಂತುಬಿಟ್ಟೆ. ಕೊನೆಯವರೆಗೂ ಕೇಳಿ, ಮೊದಲಿನಿಂದ ಮತ್ತೆ ಹಾಕಿದೆ.

ಗೆಳೆಯ, ‘ದಿ ಫೋರ್ ಹಾರ್ಸ್‌ಮೆನ್’ ಹೆಚ್ಚು ಒಳ್ಳೆಯ ಹಾಡು. 1993ರಲ್ಲಿ ನಿಮ್ಮ ಮನೆಯ ಜಗುಲಿಯಲ್ಲಿ ನೀನು ಇದನ್ನೇ ಹೇಳಿದ್ದೆ. ಅಂದು ನಾನು ಎದ್ದು ನಡೆದು, ಎರಡು ತಿಂಗಳು ನಿನ್ನ ಜೊತೆ ಮಾತು ಬಿಟ್ಟಿದ್ದೆ. ನಿನ್ನ ಮಾತು ಸರಿಯಿತ್ತು. ಆ ಎರಡು ತಿಂಗಳಿಗೆ ನನ್ನನ್ನು ಕ್ಷಮಿಸು.

ಇದನ್ನು ಈಗ ಹೇಳಲು ಇನ್ನೊಂದು ಕಾರಣವಿದೆ. ಕೊನೆಯ ಆಲ್ಬಂನಲ್ಲಿ ಮಸ್ಟೇನ್ ‘ರೈಡ್ ದಿ ಲೈಟ್ನಿಂಗ್’ ನುಡಿಸಿದ್ದಾನೆ. ನಿನ್ನವರ ಹಾಡು, ಅವನೂ ಸೇರಿ ಕಟ್ಟಿದ ಹಾಡು. 2002ರಲ್ಲಿ ನರ ಕೆಟ್ಟು ಎಡಗೈ ಸ್ವಾಧೀನ ತಪ್ಪಿ, ಮತ್ತೆ ಗಿಟಾರ್ ಹಿಡಿಯುವುದನ್ನು ಮೊದಲಿನಿಂದ ಕಲಿತವನು. 2019ರಲ್ಲಿ ಗಂಟಲ ಕ್ಯಾನ್ಸರ್ ತಗುಲಿ, ಅದನ್ನೂ ಗೆದ್ದು ಬಂದವನು. ಅಂಥವನು ಹೊರಡುವ ಮುನ್ನ ತನ್ನನ್ನು ಹೊರಗೆ ಹಾಕಿದ ಮನೆಯ ಬಾಗಿಲಿಗೆ ಹೋಗಿ ನಿಂತಿದ್ದಾನೆ. ಅವನೇ ಸಿಟ್ಟು ಇಳಿಸಿಟ್ಟ ಮೇಲೆ ನಾನು ಅದನ್ನು ಹೊತ್ತುಕೊಂಡು ತಿರುಗುವುದು ಯಾರಿಗಾಗಿ?

ಆಲ್ಬಂ ಬರುವುದು 2026ರ ಜನವರಿ 23ಕ್ಕೆ, ಶುಕ್ರವಾರ. ಸೋಮವಾರ ಗಣರಾಜ್ಯೋತ್ಸವದ ರಜೆ. ಗುರುವಾರ ರಾತ್ರಿಯ ಬಸ್ಸು ಹತ್ತು. ರೋಬಸ್ಟಾ ಕೊಯ್ಲು ನಡೆಯುತ್ತಿರುತ್ತದೆ, ಮನೆಯಲ್ಲಿ ಗದ್ದಲವಿರುತ್ತದೆ, ಆದರೂ ಅವ್ವ ನಿನಗೆಂದು ಕಡುಬು ಮತ್ತು ಪಂದಿ ಕರಿ ಮಾಡುತ್ತಾಳೆ; ಈಗಲೇ ಹೇಳಿಟ್ಟಿದ್ದೇನೆ. ದಾರಿಯಲ್ಲಿ ಆ ಹಾಡು ಕೇಳಬೇಡ. ಕಪ್ಪು ಕ್ಯಾಸೆಟ್ ನಿನ್ನಲ್ಲಿ ಉಳಿದಿದ್ದರೆ ಅದನ್ನೂ ತಾ. ಟೇಪ್ ರೆಕಾರ್ಡರ್‌ಗೆ ಹೊಸ ಬೆಲ್ಟು ಹಾಕಿಸಿದ್ದೇನೆ.

ನಿನ್ನ ದಾರಿ ಕಾಯುವ,
ಮೆಗಾಡೆತ್‌ನ ಗೆಳೆಯ